ಕಾಲು ಸುತ್ತು

ಜ್ಯಾಕ್ ಕೊಟ್ಟು ಮಾಡೋ ಕೆಲಸ ಅಲ್ಲ ಅಕ್ಕಾ, ಅಂದ ಜಬೀವುಲ್ಲಾ,
ನಾಲ್ಕೂ ಚಕ್ರ ನೆಲದ ಮೇಲಿರಬೇಕು,
ನೆಲ ಮಟ್ಟಸವಾಗಿರಬೇಕು.

ವಿಲ್ಸನ್ ಗಾರ್ಡನ್ನಿನಲ್ಲಿ ಮಟ್ಟಸ ನೆಲ!
ಅವನ ಶೆಡ್ಡು ಮೋರಿಯ ಕಡೆ ವಾಲಿದೆ,
ಮುಂದಿನ ರಸ್ತೆ ಅಗೆದು, ಮುಚ್ಚಿ, ಮತ್ತೆ ಅಗೆದದ್ದು.
ಬೇರಿಂಗಿನ ಗುಂಡು ಎಲ್ಲಿಟ್ಟರೂ ಉರುಳುತ್ತದೆ.
ಕೊನೆಗೆ ಹುಡುಗ ಏಳುಮಲೈ ಓಡಿಹೋಗಿ ಕೇಳಿ ಬಂದ:
ಕಲ್ಯಾಣ ಮಂಟಪದ ಕೆಳಗಿನ ಊಟದ ಹಾಲು ಖಾಲಿ,
ಆಷಾಢ, ಯಾರ ಮದುವೆಯೂ ಇಲ್ಲ.
ವಾಚ್‌ಮನ್ನಿಗೆ ನೂರು ರೂಪಾಯಿ.

ಪಂಕ್ತಿ ಕೂರುವ ಜಾಗದಲ್ಲಿ ನನ್ನ ತೊಂಬತ್ತೆಂಟರ ಎಸ್ಟೀಮು ನಿಂತಿತು,
ಟ್ಯೂಬ್‌ಲೈಟಿನ ಕೆಳಗೆ, ಎಲೆ ಹಾಕಲಿ ಎಂದು ಕಾಯುವವರಂತೆ.
ಗೋಡೆಯಲ್ಲಿ ಇನ್ನೂ ಸಾರಿನ ವಾಸನೆ.
ಗುಂಡು ಇಟ್ಟೆವು.
ತುಸು ಯೋಚನೆ ಮಾಡಿದ ಹಾಗೆ ಮಾಡಿ, ನಿಂತೇಬಿಟ್ಟಿತು.

ಬಾನೆಟ್ ಎತ್ತಿದರೆ ಎಡಕ್ಕೊಂದು ಬಲಕ್ಕೊಂದು ಟವರು,
ಸಸ್ಪೆನ್ಷನ್ನಿನ ಎರಡು ಭುಜ.
ತಿರುವಿನಲ್ಲಿ ಅವು ಕೂದಲೆಳೆಯಷ್ಟು ಬಾಗುತ್ತವಂತೆ,
ಅದಕ್ಕೇ ನಡುವೆ ಕಂಬಿ.
ಎಸ್.ಪಿ. ರಸ್ತೆಯ ಪೈಪು, ಪೀಣ್ಯದ ಲೇತು,
ಒಂದು ತುದಿಗೆ ಸೀದಾ ಚೂಡಿ, ಇನ್ನೊಂದಕ್ಕೆ ಉಲ್ಟಾ;
ನಡುವೆ ಹಿಡಿದು ತಿರುಗಿಸಿದರೆ ಎರಡೂ ಕಡೆ ಒಟ್ಟಿಗೇ ದೂಡುತ್ತದೆ
ಇಲ್ಲ, ಒಟ್ಟಿಗೇ ಎಳೆಯುತ್ತದೆ.
ಮೂರು ತಿಂಗಳ ಬ್ಲೌಸಿನ ದುಡ್ಡು.

ನಾನು ಟೇಪು ತೆಗೆದೆ. ಬಟ್ಟೆ ಟೇಪು ಹಿಗ್ಗುತ್ತೆ ಅಂತ ನಕ್ಕು
ತನ್ನ ಉಕ್ಕಿನದನ್ನು ಎಳೆದ,
ಈ ಮೂಲೆಯಿಂದ ಆ ಮೂಲೆಗೆ, ಆ ಮೂಲೆಯಿಂದ ಈ ಮೂಲೆಗೆ.
ಎಡಗಡೆ ನಾಲ್ಕು ಮಿಲಿಮೀಟರು ಕಮ್ಮಿ.
ಟಾರ್ಚು ಹಿಡಿದರೆ ಬಣ್ಣದ ಕೆಳಗೆ
ಇಸ್ತ್ರಿ ಮಾಡಿದರೂ ಹೋಗದ ನೆರಿಗೆ.

ಒಂದು ಗೀರೂ ಬಿದ್ದಿಲ್ಲ ಅಂದಿದ್ದರು ಜಯನಗರದ ಹಲ್ಲಿನ ಡಾಕ್ಟರು.
ಅವರ ಹೆಂಡತಿ ನನ್ನ ಹಳೇ ಗಿರಾಕಿ.
ಒಂದು ಯುಗಾದಿಗೆ ಎಡತೋಳು ಸಡಿಲ ಮಾಡಿಸಿಕೊಂಡಿದ್ದರು,
ಬಚ್ಚಲಲ್ಲಿ ಜಾರಿದೆ ಎಂದು.

ದೂಡಿಬಿಡು, ಸರಿಹೋಗಲಿ, ಅಂದೆ.
ದೂಡಿದರೆ ನೆಟ್ಟಗಿರೋ ಬಲಗಡೇದೂ ಕೆಡುತ್ತೆ.
ಕಂಬಿ ಹಿಡಿಯುತ್ತೆ ಅಕ್ಕಾ, ತಿದ್ದಲ್ಲ.

ನನಗೆ ಗೊತ್ತಿರಬೇಕಿತ್ತು.
ಇಪ್ಪತ್ತಾರು ವರ್ಷ ಭುಜ ಅಳೆದಿದ್ದೇನೆ,
ಯಾರದೂ ಎರಡೂ ಒಂದೇ ಸಮ ಇಲ್ಲ.
ಬಿಂದಿಗೆ ಹೊತ್ತ ಕಡೆ ಒಂದು ಥರ, ಮಗು ಹೊತ್ತ ಕಡೆ ಒಂದು ಥರ,
ಬಸ್ಸಿನಲ್ಲಿ ಮೇಲಿನ ಕಂಬಿಗೆ ಜೋತುಬಿದ್ದ ಕೈಯದೇ ಒಂದು ಥರ.
ಯಾರಿಗೂ ಹೇಳಿಲ್ಲ.
ಎಡಕ್ಕೆ ಕಾಲಿಂಚು ಕಮ್ಮಿ ಕತ್ತರಿಸಿ ಹೊಲಿದು ಕೊಟ್ಟರೆ
ಕನ್ನಡಿ ಮುಂದೆ ನಿಂತು, ಪರವಾಗಿಲ್ಲ, ಚೆನ್ನಾಗಿ ಕೂತಿದೆ, ಅನ್ನುತ್ತಾರೆ.

ಸರಿ, ಇದ್ದ ಹಾಗೇ ಅಳತೆ ಹಿಡಿ.
ಲೊಡಲೊಡ ನಿಲ್ಲುವ ತನಕ ಬರೀ ಕೈಯಲ್ಲಿ ತಿರುಗಿಸಿದ,
ಆಮೇಲೆ ಸ್ಪ್ಯಾನರು ಕೊಟ್ಟು ಕಾಲು ಸುತ್ತು.
ಇನ್ನೊಂಚೂರು?
ತಲೆ ಅಲ್ಲಾಡಿಸಿದ.
ಲಾಕ್‌ನಟ್ಟು ಬಿಗಿದು, ಗುರುತಿಗೆ ಗೆರೆ ಎಳೆಯಲು ಏನಾದರೂ ಕೊಡಿ ಅಂದ.
ಸೀಮೆಸುಣ್ಣ ಅಳಿಸಿಹೋಗುತ್ತದೆಂದು
ಬ್ಯಾಗಿನಿಂದ ಉಗುರುಬಣ್ಣ ಕೊಟ್ಟೆ, ಮೆರೂನು.
ಗೆರೆ ಮುರಿದರೆ ನಟ್ಟು ಸಡಿಲ ಅಂತ ಲೆಕ್ಕ.

ರಾತ್ರಿ ಲಾಲ್‌ಬಾಗಿನ ಗೋಡೆಯ ಪಕ್ಕದ ತಿರುವಿಗೆ
ದಾರ ಸೂಜಿಗೆ ಹೋದ ಹಾಗೆ ಮೂಗು ಒಳಗೆ ಹೋಯಿತು.
ಎಡಗಡೆಯ ಹಳೇ ಕಟಕ್ ಇಲ್ಲ.
ಆದರೆ ಒಂದೊಂದು ಗುಂಡಿಯೂ ಈಗ ನೇರ ಅಂಗೈಗೆ,
ಡ್ಯಾಶ್‌ಬೋರ್ಡಿನ ಒಳಗೆಲ್ಲೋ ಹೊಸದಾಗಿ ಏನೋ ಗಿಜಿಗುಡುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಬಾನೆಟ್ ಎತ್ತಿ ನೋಡಿದೆ, ಗೆರೆ ಹಾಗೇ ಇತ್ತು.
ಮಧ್ಯಾಹ್ನ ಡಾಕ್ಟರ ಹೆಂಡತಿ ಮೈಸೂರು ಸಿಲ್ಕಿನ ತುಂಡು ತಂದರು.
ಕಾರು ಹೇಗಿದೆ, ಅಂದರು.
ಟೇಪು ಎಡಭುಜದ ಮೇಲಿತ್ತು.
ಚೆನ್ನಾಗಿ ಓಡ್ತಿದೆ, ಅಂದೆ. ಕೈ ಸ್ವಲ್ಪ ಎತ್ತಿ.
ಎಷ್ಟು ಎತ್ತಲಾಯಿತೋ ಅಷ್ಟು ಎತ್ತಿದರು.