ಎರಡನೆಯ ಡಿಸ್ಕಿಗೊಂದು ಅಕ್ಷರ

ದಾರ್ಖಾನ್ ಊರಲ್ಲಿ ಈ ರಾತ್ರಿ ಸೊನ್ನೆಗಿಂತ ಮೂವತ್ತನಾಲ್ಕು ಕೆಳಗೆ.
ಕಂಟೇನರ್ ಸಂತೆಯಿಂದ ಕೋಟಿನ ಒಳಜೇಬಲ್ಲಿ ಬಂದ ಡಿಸ್ಕನ್ನು
ದುಲಮ್‌ಸುರೆನ್ ಅಡುಗೆಮನೆಯ ಮೇಜಿನ ಮೇಲಿಟ್ಟು
ಎರಡು ತಾಸು ಮುಟ್ಟಲಿಲ್ಲ.
ಚಳಿಯಿಂದ ಬಂದ ಲೋಹ ಬೆವರುತ್ತೆ,
ಬೆವರು ಆರುವ ತನಕ ಕರೆಂಟು ಕೊಡಬೇಡ
ಎಂದಿದ್ದಳು ಫೋನಿನಲ್ಲಿ ತಂಗಿಯ ಮಗಳು ಉರ್ನಾ.
ಆಗಲಿ. ಉಪ್ಪು ಬೆರೆಸಿದ ಹಾಲುಚಹಾ ಎರಡು ಬಟ್ಟಲು ಮುಗಿಯಿತು.

ಗಂಡ ಗೊಂಬೊಸುರೆನ್ ಗೂಡ್ಸ್ ರೈಲಿನ ಚಾಲಕ.
ಇಂಜಿನ್ನಿನ ಕಿಟಕಿಯಿಂದ ಫೋಟೊ ತೆಗೆಯುತ್ತಾನೆ:
ಹಳಿ, ಹಿಮ, ಹಳಿ, ಒಂದು ಕಂಬ, ಹಳಿ.
ಹತ್ತೊಂಬತ್ತು ವರ್ಷದ್ದು.
ಒಂದನ್ನೂ ಅಳಿಸಲೊಲ್ಲ. ಕೇಳಿದರೆ, ಅದು ಬೇರೆ ಕಂಬ ಅನ್ನುತ್ತಾನೆ.
ಸಿ ಡ್ರೈವಿನ ಪಟ್ಟಿ ಕೆಂಪಾಗಿ ತಿಂಗಳಾಯಿತು.
ಜಗಳ ಆಡಿ ಸಾಕಾಗಿ
ಇವಳು ಅವನಿಗೆ ಜಾಗ ಕೊಂಡು ತಂದಿದ್ದಾಳೆ.
ಬೆಳಗಿನ ಆರಕ್ಕೆ ಬರುತ್ತಾನೆ ಅವನು.

ಲ್ಯಾಪ್‌ಟಾಪು ಬೋರಲು. ಯಾರಿಗೂ ಬೇಡದ ಡಿವಿಡಿ ತಟ್ಟೆ ಕಿತ್ತು
ಆ ಪೊಟರೆಗೆ ಚೌಕಟ್ಟು, ಚೌಕಟ್ಟಿಗೆ ಡಿಸ್ಕು.
ತೆಗೆದದ್ದು ಹನ್ನೊಂದು ಸ್ಕ್ರೂ, ಹಾಕುವಾಗ ಹತ್ತು.
ಹನ್ನೊಂದನೆಯದು ಮಾರನೆಯ ದಿನ
ಉಣ್ಣೆಯ ಚಪ್ಪಲಿಯೊಳಗಿಂದ ಅಂಗಾಲಿಗೆ ಚುಚ್ಚಲಿತ್ತು.

ಗುಂಡಿ ಒತ್ತಿದಳು. ಸಿ ಇದೆ. ಮತ್ತೊಂದಿಲ್ಲ.
ಕೀಲಿಮಣೆಗೆ ಕೆನ್ನೆ ಹಚ್ಚಿ ಆಲಿಸಿದಳು:
ಫ್ಯಾನು. ಗೋಡೆಯೊಳಗೆ ಬಿಸಿನೀರಿನ ಕೊಳವೆ. ಕೆಳಮನೆಯ ಟೀವಿ.
ಮತ್ತೆ ಬಿಚ್ಚಿದರೆ
ಹಲ್ಲಿಗೂ ಹಲ್ಲಿಗೂ ನಡುವೆ ಉಗುರು ತೂರುವಷ್ಟು ಸಂದು.
ಚಹಾ ಪೊಟ್ಟಣದ ರಟ್ಟನ್ನು ನಾಲ್ಕು ಮಡಿಕೆ ಮಡಿಸಿ
ಹಿಂದಿನಿಂದ ತುರುಕಿದಳು.
ಮತ್ತೆ ಕೆನ್ನೆ. ಈಗೊಂದು ಸಣ್ಣ ಗುಂಯ್,
ಮುಚ್ಚಿದ ಡಬ್ಬಿಯಲ್ಲಿ ನೊಣ ಎದ್ದ ಹಾಗೆ.

ಆದರೂ ಪರದೆಯಲ್ಲಿ ಕಾಣದು.
ಬಯಾಸಿನ ನೀಲಿಯಲ್ಲಿ ಹೆಸರಿದೆ, ಉದ್ದನೆಯ ಸಂಖ್ಯೆಯಿದೆ;
ಬಾಗಿಲಲ್ಲಿ ರುಜು ಹಾಕಿ ಒಳಗೆ ಬಾರದವನ ಹಾಗೆ.
ಏರ್ದೆನೆತ್‌ನಿಂದ ಉರ್ನಾ ಆಕಳಿಸಿದಳು.
'ದೊಡ್ಡಮ್ಮಾ, ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗಿ. ಕಪ್ಪು ಪಟ್ಟಿ ಇದೆಯಾ?'
ಇದೆ.
'ಅದೇ. ಅದರ ಮೇಲೆ ಬಲಗಡೆ ಕ್ಲಿಕ್. ಎರಡನೇದು, ಎರಡನೇದು!
ಮೊದಲನೇದು ಮುಟ್ಟಿದರೆ
ದೊಡ್ಡಪ್ಪ ನನ್ನ ಹಳಿ ಮೇಲೆ ಮಲಗಿಸ್ತಾನೆ.'

ಬೆರಳು ತಡೆಯಿತು.
ಒಂದರ ಕೆಳಗೊಂದು ಎರಡು ಪಟ್ಟಿ, ನಡುವೆ ಕೂದಲೆಳೆ.
ಒಂದರಲ್ಲಿ ಹತ್ತೊಂಬತ್ತು ವರ್ಷದ ಹಳಿ,
ಇನ್ನೊಂದರಲ್ಲಿ ಏನೂ ಇಲ್ಲ.
ಎದ್ದು ಹೋಗಿ ಕನ್ನಡಕ ಒರೆಸಿಕೊಂಡು ಬಂದಳು.

ಆಮೇಲೆ ಅದು ಕೇಳಿತು: ಯಾವ ಅಕ್ಷರ?
ಎ, ಬಿ ಕೊಡುವ ವಾಡಿಕೆಯಿಲ್ಲ,
ಎಂದೋ ತೀರಿಹೋದ ಫ್ಲಾಪಿಗಳ ಜಾಗವಂತೆ,
ಪಂಕ್ತಿಯಲ್ಲಿ ಯಾರೂ ಕೂರದ ಎರಡು ಮಣೆ.
ಡಿ ಈಗಷ್ಟೇ ಕಿತ್ತು ತೆಗೆದ ತಟ್ಟೆಯದು.
ಅಕ್ಷರವೆಂದರೆ ಅಳಿಯದ್ದು ಅನ್ನುತ್ತದೆ ನನ್ನ ಭಾಷೆ,
ಅವಳ ಭಾಷೆಯಲ್ಲಿ ಹೇಗೋ ತಿಳಿಯೆ.
ಆದರೆ ತಿರುಗುತ್ತಲೇ ಇದ್ದು, ಬಿಸಿಯಾಗಿ, ಗುಂಯ್‌ಗುಟ್ಟಿ,
ಒಂದಕ್ಷರದ ಕೊರತೆಗೆ ಯಾರ ಕಣ್ಣಿಗೂ ಬೀಳದಿರುವುದು
ಅವಳಿಗೆ ಗೊತ್ತು:
ಸ್ಟೇಷನ್ನಿನ ಟಿಕೆಟ್ ಕಿಂಡಿಯ ಹಿಂದೆ ಇಪ್ಪತ್ತಾರು ವರ್ಷ.
ಜಿ ಆರಿಸಿದಳು. ಗೊಂಬೊಗೆ.

ಕಂಡಿತು.
ಸಾವಿರವೆಂದು ಪೆಟ್ಟಿಗೆಯ ಮೇಲೆ, ಪರದೆಯಲ್ಲಿ ಒಂಬೈನೂರ ಮೂವತ್ತೊಂದು.
ಉರ್ನಾ ಫೋನಿಟ್ಟಾಗಿತ್ತು.
ಅರವತ್ತೊಂಬತ್ತು ಎಲ್ಲಿ ಹೋಯಿತು?
ಸಂತೆಯವನ ನಗು ನೆನಪಾಯಿತು,
ಸೇರಿಗೆ ಪಾವು ಕಡಿಮೆ ಅಳೆದು, ಮೇಲೆ ನೊರೆ ತೋರಿಸುವವನ ನಗು.
ಪೆಟ್ಟಿಗೆ ಸಮೇತ ಹೋಗಿ ಕೇಳಬೇಕು ಅವನನ್ನು.

ಆರಕ್ಕೆ, ಬಾಗಿಲಾಚೆ ಬೂಟಿನ ಹಿಮ ಕೊಡವುವ ಸದ್ದು.
'ನಿನಗೆ ಒಂಬೈನೂರ ಮೂವತ್ತೊಂದು ತಂದಿದ್ದೀನಿ' ಅಂದಳು.
ಅವನಿಗೆ ತಲೆಬುಡ ತಿಳಿಯಲಿಲ್ಲ.
ಕೈಗವಸು ಬಿಚ್ಚುವ ಮೊದಲೇ ಕ್ಯಾಮೆರಾ ಮುಂದೆ ಹಿಡಿದು,
'ನೋಡು, ಇವತ್ತು ಕಂಬದ ಮೇಲೊಂದು ಗೂಬೆ ಇತ್ತು' ಎಂದ.