ಎಳೆ ತಪ್ಪಿದ ಜಾಗ

ಅಮಾಸಿಗೆ ವಡಗಾವಿಯ ನಮ್ಮ ಓಣಿ
ಒಮ್ಮೆಲೇ ಮೂಕಾಗುತ್ತದೆ.
ನಾಲ್ಕೂ ಮಗ್ಗಕ್ಕೆ ಊದಿನಕಡ್ಡಿ ಬೆಳಗಿ
ಲಾಳಿಗೆ ಕುಂಕುಮ, ಸ್ವಿಚ್ಚಿನ ಮೇಲೊಂದು ದಾಸವಾಳ ಇಟ್ಟು
ಇವರು ಕೈ ಒರೆಸಿಕೊಳ್ಳುತ್ತಾರೆ:
"ನಡೀರಿ, ಹೋಗೂಣು."

ಇರುವುದು ಒಂದೇ ಸ್ಕೂಟಿ, ಎರಡು ಖೇಪು ಹೊಡೆಯಬೇಕು.
ಮೊದಲನೆಯದಕ್ಕೆ ಅತ್ತೆ ಚಂದ್ರವ್ವ, ಓಂಕಾರ, ಸೂಸ್ಲಾದ ಡಬ್ಬಿ.
ಎರಡನೆಯದಕ್ಕೆ ನಾನು, ಸಂಪದಾ,
ಒಂದು ಗಾಲಿ ಮುರಿದ ಅವಳ ಸ್ಕೇಟು.

ಹೊಸ ಲೇಔಟಿನ ಬೆನ್ನಿಗೆ ತುಂಡು ಕಾಡೊಂದು ಉಳಿದಿದೆ,
ಮಾರುವುದು ಮರೆತ ಹಾಗೆ.
ನಡುವೆ ಸಿಮೆಂಟು ಕಲ್ಲು ಹಾಸಿದ ಹಾದಿ,
ಕೆಂಪು, ಬೂದಿ, ಕೆಂಪು, ಬೂದಿ.
ಮರಕ್ಕೊಂದು ಫಲಕ, ಫಲಕಕ್ಕೊಂದು ನಂಬರು.
ಅತ್ತೆಗೆ ಓದು ಬಾರದು. ತೊಗಟೆ ಮುಟ್ಟಿ
"ಇದು ಹೊಂಗಿ. ಇದು ನೇರಲ. ಇದು ಯಾವುದೋ ಪರದೇಶಿ" ಅನ್ನುತ್ತಾರೆ.
ಫಲಕವೂ ಅದನ್ನೇ ಹೇಳುತ್ತದೆ, ಸ್ವಲ್ಪ ಉದ್ದ ಮಾಡಿ.

ನಾವು ಬಾಯಿ ತೆರೆದರೆ ಹಕ್ಕಿ ಹಾರುತ್ತವೆ.
ಹದಿನಾರು ವರ್ಷ ಮಗ್ಗದ ಸದ್ದಿನ ಮೇಲೆ ಮಾತು ಎಸೆದವರು,
ಉಪ್ಪು ಕೇಳಿದರೂ ಜಗಳದ ಹಾಗೆ.
ಮಫ್ಲರು ಸುತ್ತಿದ ಅಜ್ಜ, ನಾಯಿ ಹಿಡಿದ ಹುಡುಗಿ
ತಿರುಗಿ ನೋಡುತ್ತಾರೆ.
ಸಂಪದಾ ತುಟಿಗೆ ಬೆರಳಿಡುತ್ತಾಳೆ. ನನಗೆ ನಾಚಿಕೆ.
ಇವರಿಗೆ ಅದ್ಯಾವುದೂ ಇಲ್ಲ, ನೆಲ ನೋಡುತ್ತ ನಡೆಯುತ್ತಾರೆ.
ಸೀರೆಯ ದಡಿ ನೋಡುವ ಕಣ್ಣು.

ಎರಡನೇ ತಿರುವಿನ ಬೆಂಚಿನ ಮುಂದೆ
ಒಂದು ಕಲ್ಲು ತಪ್ಪಿದೆ,
ಬೂದಿ ಇರಬೇಕಾದಲ್ಲಿ ಕೆಂಪು.
"ನೋಡ್ರಿಲ್ಲೆ, ಎಳಿ ತಪ್ಪೇತಿ. ನಮ್ಮ ಸೀರಿ ಆಗಿದ್ರ
ಶೇಟಜಿ ನೂರು ರೂಪಾಯಿ ಕಡೀತಿದ್ದ."
ಪ್ರತಿ ಅಮಾಸಿಗೂ ಇದೇ ಮಾತು, ಇದೇ ನಗು.
ಓಂಕಾರ ಅದರ ಮೇಲೆ ಒಂಟಿಗಾಲಲ್ಲಿ ನಿಂತು
ದಂಡ ವಸೂಲಿ ಮಾಡುತ್ತಾನೆ, ತಲೆಗೊಂದು ಶೇಂಗಾ.

ಇವತ್ತು ಅಲ್ಲೇ ಕೂತೆವು. ಸೂಸ್ಲಾ ಹಂಚುವಾಗ
ಆಲದ ಮರದಿಂದ
ಟುಕ್, ಟುಕ್, ಟುಕ್.
ಕಾಣದ ಹಕ್ಕಿ, ತಾಮ್ರಗಾರನ ಸುತ್ತಿಗೆ, ಬಿಡುವೇ ಇಲ್ಲ.
ಕೈಮಗ್ಗದ ಕಾಲದ ಅತ್ತೆ ತಲೆಯೆತ್ತಿದರು.
ಓಂಕಾರ ಎದ್ದು ನಿಂತ.
ಇವರು ಹಸಿಮೆಣಸು ಆರಿಸಿ ಬದಿಗಿಡುತ್ತಲೇ ಇದ್ದರು.

ಎಲ್ಲರ ಮುಖ ಒಂದೇ ಕಡೆ ತಿರುಗಿದ್ದು ನೋಡಿ
"ಏನದು?" ಅಂದರು.
"ಹಕ್ಕಿ" ಅಂದೆ. "ಹಕ್ಕಿ ಕೂಗಾಕತ್ತೈತಿ!" ಅಂತ ಕಿರುಚಿದೆ.
ಹಾರಿಹೋದೀತೆಂದು ಹೆದರಿ
ಮೂರನೆಯ ಸಲದ್ದು ನುಂಗಿಕೊಂಡೆ.
ಕೇಳಿಸಿದವರ ಹಾಗೆ ಇವರು ಮುಗುಳ್ನಕ್ಕರು.
ಆ ನಗು ನನಗೆ ಗೊತ್ತು,
ಬ್ಯಾಂಕಿನಲ್ಲಿ, ಮದುವೆಮನೆಯಲ್ಲಿ, ಮಕ್ಕಳ ಮಾಸ್ತರ ಮುಂದೆ ನಗುವ ನಗು.
ಮಗಳಿಗೂ ಗೊತ್ತೆಂದು
ಗೊತ್ತಿರಲಿಲ್ಲ.

ಸಂಪದಾ ಬಂದು ಅಪ್ಪನ ಎಡಗೈ ಮೇಲ್ಮುಖ ಮಾಡಿ
ಅಂಗೈಯೊಳಗೆ ಬೆರಳಲ್ಲಿ ಕುಟ್ಟಿದಳು.
ಹಕ್ಕಿ ನಿಂತರೆ ನಿಂತಳು.
ಅದು ಶುರು ಮಾಡಿದರೆ ಇವಳೂ.

ಇವರು ಕಣ್ಣು ಮುಚ್ಚಿದರು, ಬಹಳ ಹೊತ್ತು.
"ನಿಮಿಷಕ್ಕ ನೂರಾ ಹತ್ತು ಪಿಕ್ಕು" ಅಂದರು.
ಇವರೊಳಗೆ ಇಷ್ಟು ಸಣ್ಣ ದನಿಯೊಂದು ಇದೆಯೆಂದು
ಈ ಮದುವೆ ನನಗೆ ಹೇಳಿರಲಿಲ್ಲ.
"ನಮ್ಮ ಮೂರನೇ ಮಗ್ಗದ ಓಟ ಐತಿ. ಆದ್ರ
ಇದರ ಲಾಳಿ ಒಮ್ಮೆನೂ ಜಿಗಿಯಂಗಿಲ್ಲ ನೋಡ."

ಕತ್ತಲೆ. ಚಂದ್ರನಿಲ್ಲದ್ದಕ್ಕೆ ಸೋಲಾರ್ ದೀಪದ ಬಿಳುಪು.
ಮೊದಲ ಖೇಪಿಗೆ ಅತ್ತೆ, ಓಂಕಾರ ಹೋದರು.
ಬೆಂಚಿನ ಮೇಲೆ ನಾನು, ಮಗಳು, ಖಾಲಿ ಡಬ್ಬಿ.
ಅವಳು ನನ್ನ ಕೈ ಎಳೆದುಕೊಂಡು
ಅಂಗೈ ಮೇಲೆ ಕುಟ್ಟತೊಡಗಿದಳು.
"ನನಗ ಕೇಳಸ್ತೈತಲ್ಲ, ಹುಚ್ಚಿ" ಅಂದೆ.
ಬಿಡಲಿಲ್ಲ.
ಆಮೇಲೆ ತಟ್ಟನೆ ಎದ್ದಳು, "ಸ್ಕೂಟಿ ಬಂತು."

ನನಗೆ ತಿರುವಿನಲ್ಲಿ ಬೆಳಕು ಕಂಡ ಮೇಲೆಯೇ.