ಮೊಳಿ

"ಉಂಗುಟ ಕಿತ್ತೈತಿ, ಲಗೂ ಹೊಲದು ಕೊಡು" ಅಂದಳು ಫಕ್ಕೀರವ್ವ.
ಬ್ಯಾಡಗಿ ಪ್ಯಾಟಿ, ಮಟಮಟ ಮಧ್ಯಾಹ್ನ,
ನನ್ನ ಹರಕ ಕೊಡಿಯ ನೆರಳಿಗೂ ಸೀನು ಬರಬೇಕು,
ಅಂಥಾ ಗಾಳಿ.
ಮುಂಜಾನಿಂದ ಮೆಣಸಿನಕಾಯಿ ರಾಶಿಯೊಳಗ
ಕಾಲು ಚಾಚಿ ಕುಂತು ತುಂಬು ಬಿಡಸಾಕಿ,
ಕಿಲೋಕ್ಕ ಇಷ್ಟು ಅಂತ.

ಚಪ್ಪಲಿ ಬೋರಲ ಹಾಕಿದೆ.
ತಳ ಓದಾಕ ನನಗ ಸಾಲಿ ಬೇಕಾಗಿಲ್ಲ:
ಯಾರು ಹಿಮ್ಮಡಿ ಊರತಾರ, ಯಾರು ಹೊರಮಗ್ಗಲ ಸವಸತಾರ,
ಬರದಿರತೈತಿ.
ಇದರಾಗ ಒಂದು ಮೊಳಿ
ಒಳಗಿಂದ ಎದ್ದು ನಿಂತಿತ್ತು,
ಸುತ್ತ ಒಣಗಿದ ರಕ್ತ, ಅದರ ಮ್ಯಾಲ ಖಾರದ ಹುಡಿ.

"ಎಷ್ಟು ದಿನಾತಬೇ ಇದು?"
"ಯಾವುದು?" ಅಂದಳು.

ಕಾಲು ಹೊಳ್ಳಿಸಿ ತೋರಿಸಿದೆ. ತನ್ನ ಅಂಗಾಲನ್ನ
ಮಂದಿ ಮನಿ ಕೂಸಿನಂಗ ನೋಡಿದಳು.
ಖಾರ ಹೊಕ್ಕ ಗಾಯ. ಉರಿ ಇಲ್ಲ.
ಕಣ್ಣಿಗೊಂದು ಬೀಜ ಸಿಡಿದರ
ಓಣಿ ಒಟ್ಟುಗೂಡಸೋ ಹೆಣಮಗಳು.

ಸಕ್ಕರಿ ಬ್ಯಾನಿ ಹನ್ನೊಂದು ವರ್ಷದ್ದು.
ಗುಳಿಗಿ, ರೊಕ್ಕ ಇದ್ದಾಗ ಒಂದು, ನೆನಪಾದಾಗ ಅರ್ಧ.
ಮೊದಲು ಕಾಲಾಗ ಇರಿವಿ ಹರದಂಗ ಆಕ್ಕಿತ್ತಂತ,
ರಾತ್ರಿ ನಿದ್ದಿಲ್ಲ. ಆಮ್ಯಾಲ ಇರಿವಿ ಹೋದವು.
"ಆರಾಮಾತು ಅನಕೊಂಡಿದ್ನಿ" ಅಂದಳು.

ಹಾವೇರಿ ದೊಡ್ಡ ದವಾಖಾನಿಯೊಳಗ
ಡಾಕ್ಟರಬಾಯಿ ಕಣ್ಣು ಮುಚ್ಚಿಸಿ
ನೈಲಾನ್ ಎಳಿಯಿಂದ ಅಂಗಾಲು ಮುಟ್ಟಿ ಮುಟ್ಟಿ
"ಗೊತ್ತಾತಾ?" ಅಂತ ಕೇಳಿದಳಂತ.
ಪ್ರತಿ ಸಲ "ಹೂಂ".
ಮುಟ್ಟದಾಗೂ "ಹೂಂ".
ಪಾಸಾಗಬೇಕಲ್ಲ.

ಕಿರಿಬೆರಳು ಪಂಚಮಿಗೆ ಹೋತು.
ಮಗ್ಗಲದ್ದು ಕರ್ರಗಾಗಿ ದಸರಾಕ್ಕ.
ಈಗ ಪಾದ ಉಳಸೋ ಮಾತು ನಡದೈತಿ.

ಮೆತ್ತನ್ನ ಕರೇ ರಬ್ಬರ ತಂದು
ಹೊಸಾ ಜೋಡು ಮಾಡಿಕೊಟ್ಟೆ. ಬರೇ ಅಂಟು, ಬರೇ ದಾರ.
ಕಾಗದದ ಮ್ಯಾಲ ಕಾಲಿಡಿಸಿ ಅಳತಿ ಗೆರಿ ಎಳಿಯುವಾಗ
ಪೆನ್ಸಿಲ್ಲು ಹಳೇ ರೂಢಿಯಿಂದ ಕಿರಿಬೆರಳಿಗಂತ ಹೊರಳಿ
ಏನೂ ಸಿಗದ
ನೆಟ್ಟಗ ಹೋಗಿಬಿಟ್ಟಿತು.
"ರಬ್ಬರ ಉಳೀತಲ್ಲ, ರೊಕ್ಕ ಕಡಿಮಿ ಮಾಡು" ಅಂತ ನಕ್ಕಳು.
ನಾ ನಗಲಿಲ್ಲ.

ಆ ಮೊಳಿ ನಂದ.
ಯುಗಾದಿ ಮುಂದ, ಗಿರಾಕಿ ಗದ್ದಲದಾಗ,
ಬಾಯಾಗ ನಾಲ್ಕು ಹಿಡದು, ನಾನ ಬಡದದ್ದು.
ತುದಿ ಮಣಿಸಿದ್ನೋ ಇಲ್ಲೋ, ನೆನಪಿಲ್ಲ.
ಆಕಿಗೆ ಹೇಳಿಲ್ಲ.
ಹೇಳಿದರ ಬೈತಾಳ ಅಂತಲ್ಲ;
"ಹೋಗಲಿ ಬಿಡು, ನೋವರೆ ಎಲ್ಲಾತು?" ಅಂದಾಳಂತ.

ಈಗ ಯಾರ ಚಪ್ಪಲಿ ಬರಲಿ,
ಕೊಡೂಕಿಂತ ಮೊದಲು ಒಳಗ ಅಂಗೈ ಆಡಸತೀನಿ,
ತುದಿಯಿಂದ ಹಿಮ್ಮಡಿತನಾ, ಸಾವಕಾಶ,
ಚುಚ್ಚಲಿ ಅಂತ.
ನಿಂತವರು ಒಂಟಿಗಾಲಲ್ಲಿ ತೂಗಾಡತಿರತಾರ:
"ಲಗೂ ಕೊಡೋ ಮಾರಾಯಾ,
ಮೋಟೆಬೆನ್ನೂರ ಬಸ್ಸು ಬಂತು."